ಯೆರಿಕೋವಿನ ರಾಹಾಬಳು, ಜಂಬೂರಿನ ಸತ್ಯಕ್ಕ



ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಮೊದಲ ಸಲ ತೆರೆದವರಿಗೆ ಸ್ವಲ್ಪ ನಿರಾಸೆಯಾಗುತ್ತದೆ. ಯೇಸುವಿನ ಕಥೆ ಈಗ ಶುರುವಾಗುತ್ತದೆ ಎಂದು ಕಾದರೆ, ಮತ್ತಾಯನು ಒಂದು ವಂಶಾವಳಿಯನ್ನು ಹರಡಿಕೊಂಡು ಕೂತಿರುತ್ತಾನೆ. ಅಬ್ರಹಾಮನಿಂದ ಹಿಡಿದು ತಲೆಮಾರಿನ ಮೇಲೆ ತಲೆಮಾರು, ಹೆಸರಿನ ಮೇಲೆ ಹೆಸರು. ಶಿಕಾರಿಪುರ, ಸೊರಬ ಕಡೆಯ ರೈತರ ಮನೆಗಳಿಗೆ ಇದೇನೂ ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಹೆಳವರು ಬಂದು, ಜಗಲಿಯಲ್ಲಿ ಕೂತು, ಮನೆತನದ ಮೂಲಪುರುಷನಿಂದ ಈಗಿನ ಮೊಮ್ಮಕ್ಕಳವರೆಗೆ ಹೆಸರು ಹೇಳಿ ದವಸ ಪಡೆದು ಹೋಗುತ್ತಾರೆ. ಹೆಳವರ ಬಾಯಲ್ಲಿ ಹೊಗಳಿಕೆಯೇ ಹೆಚ್ಚು. ಮನೆತನಕ್ಕೆ ಕುಂದು ಎನಿಸುವ ಹೆಸರು ಬಂದರೆ ಮೆಲ್ಲಗೆ ದಾಟಿ ಮುಂದೆ ಹೋಗುವ ಜಾಣತನ ಅವರಿಗಿದೆ.

ಮತ್ತಾಯನು ಆ ಜಾಣತನ ತೋರಿಸುವುದಿಲ್ಲ. ಗಂಡಸರ ಹೆಸರೇ ತುಂಬಿರುವ ಆ ಪಟ್ಟಿಯಲ್ಲಿ, ಯೇಸುವಿನ ತಾಯಿ ಮರಿಯಳನ್ನು ಬಿಟ್ಟರೆ, ನಾಲ್ವರು ಹೆಂಗಸರು ಬರುತ್ತಾರೆ. ನಾಲ್ವರೂ ಹೆಳವರು ದಾಟಿ ಹೋಗಬಹುದಾದವರೇ. ಮಾವನಿಂದಲೇ ಮಕ್ಕಳನ್ನು ಪಡೆದ ತಾಮಾರಳು, ದಾವೀದನು ಕಣ್ಣುಹಾಕಿ ತಂದುಕೊಂಡ ಊರೀಯನ ಹೆಂಡತಿ, ಮೋವಾಬ್ ದೇಶದ ವಿಧವೆ ರೂತಳು, ಯೆರಿಕೋ ಪಟ್ಟಣದ ವೇಶ್ಯೆ ರಾಹಾಬಳು. ಕೊನೆಯ ಇಬ್ಬರು ಇಸ್ರಾಯೇಲಿನವರೂ ಅಲ್ಲ, ಆ ಧರ್ಮದಲ್ಲಿ ಹುಟ್ಟಿದವರೂ ಅಲ್ಲ. ಅಂಥವರಿಗೆ ದಾವೀದ ರಾಜನ ಅಜ್ಜಿ ಮುತ್ತಜ್ಜಿಯರ ಸಾಲಿನಲ್ಲಿ ಜಾಗ ಸಿಕ್ಕಿದ್ದು ಹೇಗೆ? ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಇದನ್ನು ಕುರಿತು.

ರಾಹಾಬಳ ಕಥೆ ಯೆಹೋಶುವನ ಗ್ರಂಥದ ಎರಡನೆಯ ಅಧ್ಯಾಯದಲ್ಲಿದೆ. ಐಗುಪ್ತದ ಗುಲಾಮಗಿರಿಯಿಂದ ಹೊರಟ ಇಸ್ರಾಯೇಲರು ಯೊರ್ದನ್ ಹೊಳೆಯ ಆಚೆ ದಡಕ್ಕೆ ಬಂದು ಬೀಡುಬಿಟ್ಟಿದ್ದಾರೆ. ಈಚೆಗೆ ಯೆರಿಕೋ, ಕೋಟೆ ಇರುವ ಊರು. ದಂಡಿನ ನಾಯಕ ಯೆಹೋಶುವನು ಇಬ್ಬರು ಗೂಢಚಾರರನ್ನು ಕಳಿಸುತ್ತಾನೆ. ಅವರು ಬಂದು ಇಳಿದುಕೊಂಡದ್ದು ರಾಹಾಬಳ ಮನೆಯಲ್ಲಿ. ಹೊಸಬರು ಬಂದುಹೋಗುವ ಮನೆ, ಯಾರಿಗೂ ಅನುಮಾನ ಬರಲಾರದು ಎಂದುಕೊಂಡರೋ ಏನೋ. ಅನುಮಾನ ಬಂದೇ ಬಂತು. ರಾಜನ ಆಳುಗಳು ಬಾಗಿಲಿಗೆ ಬಂದು, ನಿನ್ನ ಮನೆಗೆ ಬಂದವರನ್ನು ಹೊರಗೆ ಕಳಿಸು ಎಂದರು. ಅಷ್ಟು ಹೊತ್ತಿಗೆ ಆಕೆ ಇಬ್ಬರನ್ನೂ ಮಾಳಿಗೆಗೆ ಹತ್ತಿಸಿ, ಅಲ್ಲಿ ಒಣಹಾಕಿದ್ದ ಅಗಸೆಯ ದಂಟುಗಳನ್ನು ಅವರ ಮೇಲೆ ಹರವಿಬಿಟ್ಟಿದ್ದಳು. ಬಂದಿದ್ದರು ನಿಜ, ಊರಬಾಗಿಲು ಹಾಕುವ ಹೊತ್ತಿಗೆ ಹೊರಟುಹೋದರು, ಬೇಗ ಬೆನ್ನಟ್ಟಿದರೆ ಸಿಕ್ಕಾರು ಎಂದು ಆಳುಗಳನ್ನು ಹೊಳೆಯ ದಾರಿಗೆ ಅಟ್ಟಿದಳು.

ಆಮೇಲೆ ಮಾಳಿಗೆಗೆ ಹೋಗಿ ಆಕೆ ಆಡಿದ ಮಾತುಗಳನ್ನು ಗಮನಿಸಬೇಕು. ಸಮುದ್ರ ನಿಮಗೆ ದಾರಿ ಬಿಟ್ಟ ಸುದ್ದಿ, ಹೊಳೆಯಾಚೆಯ ಇಬ್ಬರು ಅರಸರಿಗೆ ಆದ ಗತಿ, ಎಲ್ಲವೂ ನಮ್ಮ ಕಿವಿಗೆ ಬಿದ್ದಿದೆ. ಊರವರ ಎದೆ ನೀರಾಗಿದೆ. ಮೇಲೆ ಆಕಾಶಕ್ಕೂ ಕೆಳಗೆ ಭೂಮಿಗೂ ನಿಮ್ಮ ದೇವರೇ ದೇವರು ಎಂದು ನನಗೆ ಗೊತ್ತಾಗಿದೆ ಎನ್ನುತ್ತಾಳೆ. ಆಕೆ ಕೇಳಿದ ಸುದ್ದಿಯನ್ನೇ ಯೆರಿಕೋ ಪೂರ್ತಿ ಕೇಳಿತ್ತು. ರಾಜನೂ ಕೇಳಿದ್ದ. ತಿಳಿವಳಿಕೆಯಲ್ಲಿ ಆಕೆಗೂ ಊರಿಗೂ ವ್ಯತ್ಯಾಸವಿರಲಿಲ್ಲ. ಊರು ಹೆದರಿ ಬಾಗಿಲು ಹಾಕಿಕೊಂಡಿತು. ಈಕೆ ತಲೆ ಹೋಗುವ ಕೆಲಸಕ್ಕೆ ಕೈಹಾಕಿ ಇಬ್ಬರು ಅಪರಿಚಿತರ ಜೀವ ಉಳಿಸಿದಳು. ಮನೆ ಕೋಟೆಗೋಡೆಗೇ ಕೂಡಿಕೊಂಡಿದ್ದರಿಂದ ಕಿಟಕಿಯಿಂದ ಹಗ್ಗ ಇಳಿಬಿಟ್ಟು ಅವರನ್ನು ಹೊರದಾಟಿಸಿ, ಬೆಟ್ಟಕ್ಕೆ ಹೋಗಿ ಮೂರು ದಿನ ಅಡಗಿರಿ ಎಂದು ಬುದ್ಧಿಯನ್ನೂ ಹೇಳಿ ಕಳಿಸಿದಳು. ಊರು ಬಿದ್ದ ದಿನ ತನ್ನ ತಂದೆ ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು ಉಳಿಯಬೇಕು ಎಂದು ಆಣೆ ಹಾಕಿಸಿಕೊಂಡಳು. ಅದಕ್ಕೆ ಗುರುತಾಗಿ ಕಿಟಕಿಗೆ ಕೆಂಪು ಹುರಿ ಕಟ್ಟಿದಳು.

ಆಕೆ ಸುಳ್ಳು ಹೇಳಿದಳಲ್ಲ ಎಂದು ಕೇಳುವವರಿದ್ದಾರೆ. ಸಂತ ಅಗಸ್ಟೀನನಿಗೇ ಈ ಪ್ರಶ್ನೆ ಕಾಡಿತ್ತು. ದೇವರು ಮೆಚ್ಚಿದ್ದು ಆಕೆಯ ದಯೆಯನ್ನು, ಸುಳ್ಳನ್ನಲ್ಲ ಎಂದು ಆತ ಸಮಾಧಾನ ಹೇಳಿದ. ನನಗೆ ಸುಳ್ಳಿಗಿಂತ ಹೆಚ್ಚು ಕಸಿವಿಸಿ ತರುವುದು ಕಥೆಯ ಮುಂದಿನ ಭಾಗ. ಏಳನೆಯ ದಿನ ಕೋಟೆ ಬಿದ್ದಾಗ ರಾಹಾಬಳ ಮನೆಯವರನ್ನು ಬಿಟ್ಟು ಊರಿನ ಗಂಡಸರು, ಹೆಂಗಸರು, ಮುದುಕರು, ಮಕ್ಕಳು ಎಲ್ಲರೂ ಕತ್ತಿಗೆ ಬಲಿಯಾದರೆಂದು ಗ್ರಂಥ ಹೇಳುತ್ತದೆ. ಶ್ರದ್ಧೆಯ ಕಥೆ ಹೇಳುವಾಗ ಉಪದೇಶಕರು ಇದನ್ನು ಬಿಟ್ಟು ಹೇಳುವುದುಂಟು. ಬಿಡಬಾರದು. ರಾಹಾಬಳು ಉಳಿದುಕೊಂಡದ್ದು ಬೂದಿಯಾದ ಒಂದು ಊರಿನ ನಡುವೆ.

ಹಾಗೆ ಉಳಿದವಳನ್ನು ಇಸ್ರಾಯೇಲರು ತಕ್ಷಣ ಒಳಗೆ ಕರೆದುಕೊಳ್ಳಲೂ ಇಲ್ಲ. ಮೊದಲು ಪಾಳೆಯದ ಹೊರಗೆ ಇಳಿಸಿದರು ಎಂಬ ವಿವರ ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿದೆ. ಊರ ಹೊರಗಿನ ಕೇರಿಗಳನ್ನು ಬಲ್ಲ ನಮಗೆ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎರಡು ವಾಕ್ಯ ದಾಟಿದ ಮೇಲೆ ಗ್ರಂಥಕಾರನು ಆಕೆ ಇಸ್ರಾಯೇಲರ ನಡುವೆಯೇ ಬಾಳಿದಳೆಂದು ಬರೆಯುತ್ತಾನೆ. ಹೊರಗಿನಿಂದ ಒಳಗೆ ಬರಲು ಎಷ್ಟು ದಿನ ಹಿಡಿಯಿತು, ಯಾರು ಬೇಡವೆಂದರು, ಯಾರು ಬಾ ಎಂದರು, ಆ ಲೆಕ್ಕವನ್ನು ಆತ ಕೊಡುವುದಿಲ್ಲ.

ಹೊಸ ಒಡಂಬಡಿಕೆಯಲ್ಲಿ ರಾಹಾಬಳನ್ನು ಇನ್ನೂ ಇಬ್ಬರು ನೆನೆಯುತ್ತಾರೆ. ಇಬ್ರಿಯರಿಗೆ ಬರೆದ ಪತ್ರಿಕೆ ಆಕೆಯನ್ನು ನಂಬಿಕೆಯವರ ಸಾಲಿನಲ್ಲಿ ಮೋಶೆಯ ಬೆನ್ನಿಗೇ ನಿಲ್ಲಿಸುತ್ತದೆ. ಯಾಕೋಬನ ಪತ್ರಿಕೆ ಇನ್ನೂ ಖಡಕ್ಕಾಗಿದೆ. ಬಟ್ಟೆಯಿಲ್ಲದ, ಅಂದಿನ ಊಟಕ್ಕಿಲ್ಲದ ಒಬ್ಬ ಸಹೋದರನನ್ನು ಬೆಚ್ಚಗಿರು, ಹೊಟ್ಟೆತುಂಬ ಉಣ್ಣು ಎಂದು ಹರಸಿ ಕೈಬೀಸಿ ಕಳಿಸಿದರೆ ಏನು ಬಂತು ಎಂದು ಯಾಕೋಬನು ಕೇಳುತ್ತಾನೆ. ದೇವರು ಒಬ್ಬನೇ ಎಂದು ನಂಬುವುದಷ್ಟೇ ಆದರೆ ಅದನ್ನು ದೆವ್ವಗಳೂ ನಂಬುತ್ತವೆ ಎಂದು ಚುಚ್ಚುತ್ತಾನೆ. ಆಮೇಲೆ ಎರಡು ಉದಾಹರಣೆ ಕೊಡುತ್ತಾನೆ. ಒಂದು, ಕುಲದ ಮೂಲಪುರುಷ ಅಬ್ರಹಾಮ. ಇನ್ನೊಂದು, ವೇಶ್ಯೆ ರಾಹಾಬಳು. ನಡೆಯಿಲ್ಲದ ನಂಬಿಕೆ ಉಸಿರಿಲ್ಲದ ಹೆಣ ಎಂಬುದು ಅವನ ತೀರ್ಪು. ಮನುಷ್ಯನು ನೀತಿವಂತನಾಗುವುದು ನಂಬಿಕೆಯಿಂದ, ನೇಮನಿಷ್ಠೆಯಿಂದಲ್ಲ ಎಂದು ಪೌಲನು ಹೇಳಿದ್ದನಲ್ಲ, ಅದಕ್ಕೂ ಇದಕ್ಕೂ ಹೊಂದಿಕೆ ಹೇಗೆ ಎಂದು ಕ್ರೈಸ್ತ ಪಂಡಿತರು ಶತಮಾನಗಳ ಕಾಲ ವಾದಿಸಿದರು. ಜರ್ಮನಿಯ ಮಾರ್ಟಿನ್ ಲೂಥರನಂತೂ 1522ರಲ್ಲಿ ಯಾಕೋಬನ ಪತ್ರಿಕೆಯನ್ನು ಒಣಹುಲ್ಲಿಗೆ ಹೋಲಿಸಿಬಿಟ್ಟ. ಲೂಥರನ ಅನುಯಾಯಿಗಳೂ ಕಥೋಲಿಕರೂ ಕೂತು ಈ ವಿಷಯದಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಲು 1999ನೆಯ ಇಸವಿ ಬರಬೇಕಾಯಿತು. ನನ್ನ ಮಟ್ಟಿಗೆ ಹೇಳುವುದಾದರೆ, ಅಗಸೆಯ ದಂಟು ಹರವುತ್ತಿದ್ದ ಆ ಹೆಂಗಸಿನ ಕೈಯಲ್ಲಿ ನಂಬಿಕೆ ಯಾವುದು ಕೆಲಸ ಯಾವುದು ಎಂದು ಬೇರೆಮಾಡಲು ಹೋಗುವುದೇ ವ್ಯರ್ಥ.

ಇನ್ನು ರೂತಳು. ಅವಳ ಕಥೆ ನಮ್ಮ ಗದ್ದೆ ಹೊಲಗಳಿಗೆ ಹತ್ತಿರದ್ದು. ಬರಗಾಲದಲ್ಲಿ ಬೇತ್ಲೆಹೇಮಿನಿಂದ ಮೋವಾಬಿಗೆ ಗುಳೆ ಹೋದ ಒಂದು ಸಂಸಾರ. ಅಲ್ಲಿ ಗಂಡನೂ ಸತ್ತ, ಇಬ್ಬರು ಗಂಡುಮಕ್ಕಳೂ ಸತ್ತರು. ಮುದುಕಿ ನೊವೊಮಿ ಬರಿಗೈಯಲ್ಲಿ ಊರಿಗೆ ಹೊರಟಾಗ ಸೊಸೆ ರೂತಳು ತಾನೂ ಬರುತ್ತೇನೆಂದು ಹಟ ಹಿಡಿದು ಹಿಂದೆ ಬಂದಳು. ಮೋವಾಬ್ಯರ ಮೇಲೆ ಇಸ್ರಾಯೇಲರಿಗೆ ಹಳೆಯ ಹಗೆ. ಹತ್ತನೆಯ ತಲೆಮಾರಿನವರೆಗೂ ಅವರನ್ನು ಸಭೆಗೆ ಸೇರಿಸಬಾರದೆಂದು ಧರ್ಮೋಪದೇಶಕಾಂಡದಲ್ಲಿ ವಿಧಿಯೇ ಇದೆ. ಅಂಥ ಊರಿನಲ್ಲಿ ಆಕೆ ಮಾಡಿದ ಮೊದಲ ಕೆಲಸ ಜವೆಗೋದಿಯ ಕೊಯ್ಲಿನ ಹೊಲದಲ್ಲಿ ಹಕ್ಕಲು ಆಯುವುದು.

ಹಕ್ಕಲು ಆಯುವುದು ಎಂದರೇನು ಎಂದು ಸೊರಬದ ಗದ್ದೆಬಯಲಿನ ಹಿರಿಯ ಹೆಂಗಸರನ್ನು ಕೇಳಬೇಕು. ಕುಡುಗೋಲಿನ ಕೊಯ್ಲು ಮುಗಿದು ಅರಿ ಕಟ್ಟಿ ಹೊತ್ತ ಮೇಲೆ ಕೂಳೆಗಳ ನಡುವೆ ಉದುರಿ ಉಳಿದ ತೆನೆಗಳನ್ನು ಬೆನ್ನು ಬಗ್ಗಿಸಿ ಒಂದೊಂದಾಗಿ ಹೆಕ್ಕಬೇಕು. ಕೂಳೆ ಕಾಲಿಗೆ ಚುಚ್ಚುತ್ತದೆ, ಬಿಸಿಲು ಬೆನ್ನನ್ನು ಸುಡುತ್ತದೆ, ಮಡಿಲು ಮಾತ್ರ ಬೇಗ ತುಂಬುವುದಿಲ್ಲ. ಶಿಕಾರಿಪುರದ ಕಡೆ ಈಗ ಮೆಕ್ಕೆಜೋಳದ ತೆನೆ ಮುರಿದಾದ ಮೇಲೆ ಬಿಟ್ಟುಹೋದ ತೆನೆ ಹುಡುಕುವವರೂ ಇದ್ದಾರೆ. ಗದ್ದೆಯ ಅಂಚನ್ನು ಪೂರ್ತಿ ಕೊಯ್ಯಬೇಡ, ಉದುರಿದ್ದನ್ನು ಆರಿಸಬೇಡ, ಅದು ಬಡವನಿಗೂ ಪರದೇಶಿಗೂ ಸೇರಿದ್ದು ಎಂದು ಯಾಜಕಕಾಂಡ ವಿಧಿಸಿತ್ತು. ಮೋವಾಬ್ಯರನ್ನು ದೂರ ಇಟ್ಟ ಧರ್ಮಶಾಸ್ತ್ರದಲ್ಲೇ ಮೋವಾಬ್ಯ ವಿಧವೆಗೆ ಅನ್ನದ ದಾರಿಯೂ ಇತ್ತು ಎಂದಾಯಿತು. ಹೊಲದ ಯಜಮಾನ ಬೋವಜನು ಒಂದು ಹೆಜ್ಜೆ ಮುಂದೆ ಹೋದ. ಆಕೆಗೆ ಗೊತ್ತಾಗದಂತೆ ಕಟ್ಟುಗಳಿಂದ ಒಂದಷ್ಟು ತೆನೆ ಎಳೆದು ಬೀಳಿಸಿ, ಯಾರೂ ಗದರಬೇಡಿ ಎಂದು ಆಳುಗಳಿಗೆ ಹೇಳಿದ. ಕೊಟ್ಟದ್ದು ಕಾಣಬಾರದು, ಪಡೆದವಳು ತಲೆ ತಗ್ಗಿಸಬಾರದು. ದಾನ ಕೊಡುವಾಗ ಫೋಟೋಕ್ಕೆ ನಿಲ್ಲುವ ನಮ್ಮ ಕಾಲದಲ್ಲಿ ಬೋವಜನ ಈ ಜಾಣ್ಮೆ ಹೆಚ್ಚು ನೆನಪಾಗುತ್ತದೆ. ಸಂಜೆ ರೂತಳು ಬಡಿದು ಕಾಳು ಮಾಡಿದಾಗ ಒಂದು ಏಫಾ, ಅಂದರೆ ಸುಮಾರು 22 ಲೀಟರಿನ ಅಳತೆಯಷ್ಟು ಜವೆಗೋದಿ ಸಿಕ್ಕಿತು. ಮುಂದೆ ಬೋವಜನು ಆಕೆಯನ್ನು ಮದುವೆಯಾದ. ಈ ಬೋವಜನ ತಾಯಿಯೇ ರಾಹಾಬಳು ಎನ್ನುತ್ತಾನೆ ಮತ್ತಾಯ. ರೂತಳ ಮಗ ಓಬೇದ, ಮೊಮ್ಮಗ ಇಷಯ, ಮರಿಮಗ ದಾವೀದ. ಹತ್ತನೆಯ ತಲೆಮಾರಿನವರೆಗೆ ಸಭೆಯ ಹೊರಗಿರಬೇಕಾದ ಕುಲದ ಹೆಣ್ಣಿನ ಮರಿಮಗ ಸಿಂಹಾಸನದಲ್ಲಿ ಕೂತ!

ಯೇಸು ಹೇಳಿದ ಸಮಾರ್ಯದವನ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಕಂಡೂ ಯಾಜಕ ಪಕ್ಕಕ್ಕೆ ಸರಿದು ಹೋದ, ಲೇವಿಯನೂ ಹೋದ. ಎಣ್ಣೆ, ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿ ತನ್ನ ವಾಹನದ ಮೇಲೆ ಕೂರಿಸಿಕೊಂಡು ಹೋದವನು ಯೆಹೂದ್ಯರು ಕೂಡಿ ಉಣ್ಣದ ಸಮಾರ್ಯ ಕುಲದವನು. ಇದು ನಡೆದ ದಾರಿ ಯೆರೂಸಲೇಮಿನಿಂದ ಇಳಿಯುವುದು ರಾಹಾಬಳ ಯೆರಿಕೋವಿಗೇ. ಆ ಮನುಷ್ಯ ಛತ್ರದವನಿಗೆ ಕೊಟ್ಟದ್ದು ಎರಡು ದೀನಾರು, ಆ ಕಾಲದ ಎರಡು ದಿನದ ಕೂಲಿ. ಹೆಚ್ಚು ಖರ್ಚಾದರೆ ಹಿಂತಿರುಗುವಾಗ ಕೊಡುತ್ತೇನೆ ಎಂದು ಸಾಲದ ಮಾತನ್ನೂ ಕೊಟ್ಟ. ಕಥೆ ಮುಗಿಸಿ ಯೇಸು, ಮೂವರಲ್ಲಿ ಯಾರು ನೆರೆಯವನು ಎಂದು ಕೇಳಿದರೆ, ಎದುರಿಗಿದ್ದ ಧರ್ಮಶಾಸ್ತ್ರದ ಪಂಡಿತನಿಗೆ ಸಮಾರ್ಯದವನು ಎಂಬ ಹೆಸರು ಬಾಯಿಗೆ ಬರಲಿಲ್ಲ. ದಯೆ ತೋರಿಸಿದವನು ಎಂದಷ್ಟೇ ಹೇಳಿ ನುಣುಚಿಕೊಂಡ. ಕೆಲಸವನ್ನು ಒಪ್ಪಿದ, ಕುಲದ ಹೆಸರನ್ನು ಉಚ್ಚರಿಸಲಾರದೆ ಹೋದ.

ರೋಮಿನ ಶತಾಧಿಪತಿ, ಮಗಳಿಗಾಗಿ ಯೇಸುವಿನೊಡನೆಯೇ ವಾದಕ್ಕೆ ನಿಂತ ಕಾನಾನ್ಯ ಹೆಂಗಸು, ಯೊರ್ದನಿನಲ್ಲಿ ಏಳು ಸಲ ಮುಳುಗಿ ಕುಷ್ಠ ಕಳೆದುಕೊಂಡ ಅರಾಮ್ಯ ಸೇನಾಪತಿ ನಾಮಾನ, ಇವರೆಲ್ಲ ಇದೇ ಸಾಲಿನವರು. ಒಬ್ಬೊಬ್ಬರ ಕಥೆಗೂ ಒಂದೊಂದು ಭಾಷಣ ಬೇಕು.

ಇಷ್ಟು ಹೇಳಿ ನಮ್ಮ ಸೀಮೆಗೆ ಬರುತ್ತೇನೆ. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಕ್ರೈಸ್ತರ ಸಂಖ್ಯೆ ದೊಡ್ಡದಲ್ಲ. ಕಥೋಲಿಕರ ಶಿವಮೊಗ್ಗ ಧರ್ಮಕ್ಷೇತ್ರ ಆದದ್ದೇ 1988ರಲ್ಲಿ. ಆದರೆ ಹೊರಗಿನವನನ್ನು ಯಾವ ಗುರುತಿನಿಂದ ಒಳಗೆ ಕರೆದುಕೊಳ್ಳಬೇಕು ಎಂಬ ಪ್ರಶ್ನೆ ಈ ನೆಲಕ್ಕೆ ಹಳೆಯದು. ಶಿರಾಳಕೊಪ್ಪದ ಮಗ್ಗುಲಲ್ಲಿರುವ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದಲ್ಲಿ 1162ರ ಒಂದು ಶಾಸನವಿದೆ. ಕಾಳಾಮುಖ ಶೈವರ ಕೋಡಿಯ ಮಠಕ್ಕೆ ಸಂಬಂಧಿಸಿದ್ದು, ಕಳಚುರಿ ಬಿಜ್ಜಳನ ಕಾಲದ್ದು. ಕಲ್ಯಾಣದಲ್ಲಿ ಬಸವಣ್ಣ ಇದ್ದದ್ದು ಇದೇ ಬಿಜ್ಜಳನ ಆಳ್ವಿಕೆಯಲ್ಲಿ. ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು ಎಂಬುದನ್ನು ಆ ಶಾಸನ ವಿಸ್ತಾರವಾಗಿ ಹೇಳುತ್ತದೆ. ಅದರ ಜೊತೆಗೆ ಅಲ್ಲಿ ಯಾರಿಗೆ ಅನ್ನ ಸಿಗುತ್ತಿತ್ತು ಎಂಬುದನ್ನೂ ಎಣಿಸಿ ಹೇಳುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳುವವರು, ಹಾಡುವವರು, ಬಾರಿಸುವವರು, ಕುಣಿಯುವವರು. ಬೇರೆ ಬೇರೆ ದೇಶಗಳಿಂದ ಬಂದ ಭಿಕ್ಷುಕರು. ಶೈವ ಮಠಕ್ಕೆ ಪರಮತದವರಾದ ಕ್ಷಪಣಕರು ಕೂಡ. ಗತಿಯಿಲ್ಲದ ರೋಗಿಗಳಿಗೆ ಔಷಧೋಪಚಾರ, ಸಕಲ ಜೀವಿಗಳಿಗೆ ಅಭಯ. ಪಂಕ್ತಿಗೆ ಕೂರುವ ಮುನ್ನ ನಿನ್ನ ದೇವರು ಯಾರು ಎಂದು ಕೇಳಿದ ಸೂಚನೆ ಆ ಪಟ್ಟಿಯಲ್ಲಿಲ್ಲ. ಅದೇ ಬಳ್ಳಿಗಾವಿಯಲ್ಲಿ 1065ರಲ್ಲಿ ರೂಪಭಟ್ಟಯ್ಯನೆಂಬ ದಂಡನಾಯಕ ಬೌದ್ಧವಿಹಾರ ಕಟ್ಟಿಸಿದ್ದ. ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ 11ನೆಯ ಶತಮಾನದಲ್ಲಿ ಪಾರ್ಶ್ವನಾಥನ ಬಸದಿ ಮಾಡಿಸಿದಾಗ, ಅದಕ್ಕೆ ಬ್ರಹ್ಮಜಿನಾಲಯವೆಂದು ಹೆಸರಿಟ್ಟವರು ಅಲ್ಲಿಯ ಬ್ರಾಹ್ಮಣರು.

ಬಳ್ಳಿಗಾವಿಯ ಈ ಕಲ್ಲನ್ನು ಓದಿ ಅಚ್ಚುಹಾಕಿಸಿದವರು ಬಿ. ಎಲ್. ರೈಸ್. ಇವರು ಬೆಂಗಳೂರಿನಲ್ಲಿ 1837ರಲ್ಲಿ ಹುಟ್ಟಿದವರು. ಇವರ ತಂದೆ ಲಂಡನ್ ಮಿಷನ್ನಿನ ಪಾದ್ರಿ, ಕನ್ನಡ ಬೈಬಲ್ಲಿನ ಪರಿಷ್ಕರಣೆಗೆ ದುಡಿದವರು. ತಂದೆ ಯಾಕೋಬನ ಪತ್ರಿಕೆ ಇರುವ ಬೈಬಲ್ಲಿನ ಕನ್ನಡವನ್ನು ತಿದ್ದಿದರು. ಮಗ ಶೈವ ಮಠದ ಅನ್ನದಾನದ ಕಲ್ಲನ್ನು 1902ರಲ್ಲಿ ಲೋಕಕ್ಕೆ ಓದಿ ಹೇಳಿದರು.

ಎಲ್ಲವೂ ಹೀಗೆ ಸೊಗಸಾಗಿತ್ತು ಎಂದರೆ ತಪ್ಪಾಗುತ್ತದೆ. ಬಳ್ಳಿಗಾವಿಗೆ ದೂರವಿಲ್ಲದ ಅಬ್ಬಲೂರಿನಲ್ಲಿ 12ನೆಯ ಶತಮಾನದಲ್ಲಿ ಏಕಾಂತದ ರಾಮಯ್ಯನಿಗೂ ಜೈನರಿಗೂ ತಲೆ ಕಡಿದುಕೊಳ್ಳುವ ಪಂಥ ನಡೆದು ಜಿನಮೂರ್ತಿ ಒಡೆದ ಕಥೆಯನ್ನೂ ಕಲ್ಲೇ ಹೇಳುತ್ತದೆ. ಯೆರಿಕೋವಿನಲ್ಲಿ ಹೇಗೋ ಇಲ್ಲಿಯೂ ಹಾಗೆ. ಶ್ರದ್ಧೆಗೆ ಅನ್ನ ಇಕ್ಕುವ ಕೈಯೂ ಉಂಟು, ಒಡೆಯುವ ಕೈಯೂ ಉಂಟು.

ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಆತ ನಟುವರ ಮನೆಯ ಮದ್ದಳೆಗಾರ ಎನ್ನುತ್ತಾನೆ ಕವಿ ಹರಿಹರ. ಹತ್ತಿರದ ಉಡುತಡಿ ಅಕ್ಕಮಹಾದೇವಿಯದು. ಇವರಿಬ್ಬರ ವಿಷಯ ಆಕಾಶವಾಣಿಯ ಕೇಳುಗರಿಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ಹೆಚ್ಚು ಮಂದಿ ನೆನೆಯದ ಮೂರನೆಯವಳೊಬ್ಬಳಿದ್ದಾಳೆ, ಶಿಕಾರಿಪುರ ತಾಲ್ಲೂಕಿನ ಹಿರೇಜಂಬೂರಿನ ಸತ್ಯಕ್ಕ. ಶಂಭುಜಕ್ಕೇಶ್ವರನ ಅಂಕಿತದಲ್ಲಿ ವಚನ ಬರೆದವಳು. ಶರಣರ ಮನೆಯಂಗಳ ಗುಡಿಸುವುದು ಆಕೆಯ ಕಾಯಕ ಎಂದು ಪರಂಪರೆ ಹೇಳುತ್ತದೆ. ಪೂಜೆ, ಮಂತ್ರ, ಧೂಪ, ಆರತಿ ಇವು ನೇಮವಲ್ಲ, ಪರಧನ ಪರಸ್ತ್ರೀಗಳಿಗೆ ಆಸೆಪಡದಿರುವುದೇ ನೇಮ ಎಂಬುದು ಅವಳ ನಿಲುವು. ಲಂಚಕ್ಕೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಹೊನ್ನು, ಬಟ್ಟೆ ಬಿದ್ದಿದ್ದರೂ ಮುಟ್ಟಿ ಎತ್ತುವುದಿಲ್ಲ ಎಂದು ತನ್ನ ದೇವರ ಮೇಲೆ ಆಣೆಯಿಟ್ಟು ಹೇಳುತ್ತಾಳೆ. ಅಂಗಳ ಗುಡಿಸುವವಳ ಕಣ್ಣಿಗೇ ಬಿದ್ದುಹೋದ ಚಿನ್ನ ಮೊದಲು ಕಾಣುವುದು ಎಂಬುದನ್ನು ನೆನೆದರೆ ಈ ಆಣೆಯ ತೂಕ ತಿಳಿಯುತ್ತದೆ. ಇದು ಗದ್ದುಗೆಯ ಮೇಲೆ ಕೂತವರ ವೈರಾಗ್ಯವಲ್ಲ. ಕೈಯಲ್ಲಿ ಕಸಬರಿಗೆ ಹಿಡಿದವಳು ದಿನಬೆಳಗಾದರೆ ಎದುರಿಸುವ ಪರೀಕ್ಷೆ. ಯಾಕೋಬನ ಕೈಗೆ ಸತ್ಯಕ್ಕನ ವಚನ ಸಿಕ್ಕಿದ್ದರೆ ಆತ ಎರಡಕ್ಕೆ ನಿಲ್ಲಿಸದೆ ಮೂರನೆಯ ಉದಾಹರಣೆಯನ್ನೂ ಕೊಡುತ್ತಿದ್ದ ಎಂದು ನನಗೆ ಅನಿಸಿದೆ.

ಒಂದು ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ. ಯಾಕೋಬನು ರಾಹಾಬಳನ್ನು ಅಷ್ಟೆಲ್ಲ ಹೊಗಳುವಾಗಲೂ ವೇಶ್ಯೆ ಎಂಬ ಮಾತನ್ನು ಬಿಡುವುದಿಲ್ಲ. ರೂತಳು ಮದುವೆಯಾಗುವವರೆಗೂ ಮೋವಾಬ್ಯಳೇ. ನಮ್ಮ ಶರಣರ ಪಟ್ಟಿಯಲ್ಲೂ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸೂಳೆ ಸಂಕವ್ವೆ. ಈ ಹೆಸರುಗಳನ್ನು ಗ್ರಂಥದಲ್ಲಿ ಉಳಿಸಿದವರ ಉದ್ದೇಶ ಒಳ್ಳೆಯದೇ ಇರಬೇಕು. ಎಲ್ಲಿಂದ ಎಲ್ಲಿಗೆ ಬಂದರು ಎಂಬುದು ಮರೆಯದಿರಲಿ ಎಂದು. ಆದರೆ ಊರಿನಲ್ಲಿ ನಾವು ಅದೇ ಕೆಲಸ ಮಾಡುವಾಗ ಉದ್ದೇಶ ಅಷ್ಟು ಒಳ್ಳೆಯದಿರುವುದಿಲ್ಲ. ನೆರೆ ಬಂದಾಗ, ಊರಿಗೆ ಕಾಯಿಲೆ ಬಿದ್ದಾಗ, ನಡುರಾತ್ರಿ ಆಸ್ಪತ್ರೆಗೆ ರಕ್ತ ಬೇಕಾದಾಗ ಓಡಿ ಬಂದವನ ಉಪಕಾರವನ್ನು ಹತ್ತು ಜನರ ಮುಂದೆ ಹೇಳುತ್ತೇವೆ. ಹೇಳಿ ಮುಗಿಸುವಾಗ ಅವನು ಯಾವ ಕೇರಿಯವನು, ಯಾವ ಮತದವನು ಎಂಬುದನ್ನೂ ಸೇರಿಸುತ್ತೇವೆ, ಆ ಕೇರಿಯವನಾಗಿ ಇಷ್ಟು ಒಳ್ಳೆಯವನೇ ಎಂಬ ಅಚ್ಚರಿಯ ಸಮೇತ. ಪಾಳೆಯದ ಹೊರಗೆ ಇಳಿಸುವುದು ಎಂದರೆ ಇದೇ.

ಕೇಳುಗರಲ್ಲಿ ನನ್ನದೊಂದು ವಿನಂತಿ. ಶಿಕಾರಿಪುರದಿಂದ ಸೊರಬದ ಕಡೆಗೆ ಹೋಗುವಾಗ ಶಿರಾಳಕೊಪ್ಪದಲ್ಲಿ ಇಳಿದು ಬಳ್ಳಿಗಾವಿಗೆ ಹೋಗಿ ಬನ್ನಿ. ಕೇದಾರೇಶ್ವರ ಗುಡಿಯ ಕೆತ್ತನೆಗಳನ್ನು ನೋಡಿಕೊಂಡು ಬರುವವರು ಬಹಳ. ಶಾಸನದ ಮುಂದೆ ನಿಲ್ಲುವವರು ಕಡಿಮೆ. ಹಳಗನ್ನಡದ ಲಿಪಿ ಓದಲು ಬಾರದಿದ್ದರೂ ಚಿಂತೆಯಿಲ್ಲ, ಅದರ ಪಾಠ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರದ 102ನೆಯ ಶಾಸನವಾಗಿ ಅಚ್ಚಾಗಿದೆ. ಮನೆಗೆ ಬಂದ ಮೇಲೆ ಯೆಹೋಶುವನ ಗ್ರಂಥದ ಎರಡನೆಯ ಅಧ್ಯಾಯವನ್ನೂ ಸತ್ಯಕ್ಕನ ವಚನಗಳನ್ನೂ ಓದಿ. ಅವಳ ವಚನಗಳು ಸಿಕ್ಕಿರುವುದು ಕೆಲವೇ. ಒಂದು ಸಂಜೆ ಸಾಕು.